ಇನ್ನೊಬ್ಬರ ಅಳತೆ

ನನ್ನ ಗಂಡ ಮಣಿಕೊಂಡದಲ್ಲಿ ಗಾಜಿನ ಬಾಗಿಲಿನ ಅಂಗಡಿ ತೆರೆದ ಮೇಲೆ ನಮ್ಮ ಮನೆಯಲ್ಲಿ ಮೊದಲು ಕೆಟ್ಟದ್ದು ಊಟದ ಹೊತ್ತು. ಅದಕ್ಕೂ ಮುಂಚೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಿದ್ದೆವು. ಅಂಗಡಿಯಾದ ಮೇಲೆ ಅವರು ಬರುವುದಕ್ಕೆ ಹೊತ್ತುಗೊತ್ತು ಇಲ್ಲದಂತಾಯಿತು. ಭಾವ ಮಾತ್ರ ಕೈ ತೊಳೆದು ಬಂದು ತಟ್ಟೆಯ ಮುಂದೆ ಕೂತು ತಮ್ಮನಿಗಾಗಿ ಕಾಯುವರು. ಕಾದು ಕಾದು ರೊಟ್ಟಿ ಸೆಟೆದುಕೊಳ್ಳುತ್ತಿತ್ತು. ಅದನ್ನು ಮತ್ತೆ ಬಿಸಿ ಮಾಡುವವಳು ಯಾರು? ನಾನೇ.

"ನೀವು ಉಣ್ರಿ ಭಾವ. ಅವರಿಗೇನ್, ಅಲ್ಲೇ ಹೋಟೆಲ್ ಅದಾವ."

"ಬರ್ತಾನ ತಡೀವಾ. ಒಬ್ಬನ ಕೂತು ಉಂಡ್ರ ಉಂಡಂಗ ಆಗೂದಿಲ್ಲ ಅವನಿಗೆ," ಅನ್ನುತ್ತಿದ್ದರು ಭಾವ.

ಉಣ್ಣದೆ ಕಾಯುತ್ತಿದ್ದವರು ಭಾವ. ತಮ್ಮನಿಗೆ ಏನನ್ನಿಸುತ್ತದೋ ಎಂಬ ಚಿಂತೆಯೂ ಅವರಿಗೇ. ನನಗೆ ಸಿಟ್ಟು ಬರುತ್ತಿತ್ತು, ಆದರೂ ತವೆಯನ್ನು ಮತ್ತೆ ಒಲೆಯ ಮೇಲೆ ಇಡುತ್ತಿದ್ದೆ. ಆ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಕೊಟ್ಟವರು ಭಾವ ಒಬ್ಬರೇ. ಯಾವುದೇ ಜಗಳ ಬಂದರೂ "ಸುಭದ್ರಾ ಏನಂತಾಳ ಕೇಳ್ರಿ ಮೊದಲ" ಅನ್ನುತ್ತಿದ್ದರು. ಮಕ್ಕಳಿಲ್ಲದ ಹೆಂಗಸಿಗೆ ಗಂಡನ ಮನೆಯಲ್ಲಿ ಅಷ್ಟು ಸಿಕ್ಕರೆ ಅದೇ ದೊಡ್ಡದು. ಅದನ್ನು ನೆಚ್ಚಿಕೊಂಡೇ ನಾನು ಅಲ್ಲಿ ಬಾಳಿದ್ದು.

ನಮ್ಮ ಮನೆ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ. ಒಳಗೆ ಎರಡು ಖೋಲಿ, ಮುಂದೆ ತಗಡಿನ ಚಪ್ಪರ. ಆ ಚಪ್ಪರದಲ್ಲಿ ಭಾವ ಸೈಕಲ್ ಫ್ರೇಮು ಮಾಡುತ್ತಿದ್ದರು. ಮೊದಲು ಸೈಕಲ್ ರಿಕ್ಷಾಗಳಿಗೆ ಮಾಡಿದರು, ಆಮೇಲೆ ಕಾಲಿಲ್ಲದವರು ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಗಳಿಗೆ. ಆ ಗಾಡಿಗಳಲ್ಲಿ ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಅದಕ್ಕೇ ದಾರದಲ್ಲಿ ಅಳತೆ ತೆಗೆಯುವುದು ಶುರುವಾಯಿತು. ಒಬ್ಬ ಮನುಷ್ಯನಿಗೆ ಒಂದು ದಾರ. ಕಾಲಿನ ಉದ್ದಕ್ಕೆ ಒಂದು ಗಂಟು, ಬೆನ್ನಿಗೆ ಒಂದು, ತೋಳಿಗೆ ಒಂದು. ಮೈಯ ಅಳತೆಯ ದಾರ ಎಲ್ಲೆಂದರಲ್ಲಿ ಬಿದ್ದಿರಬಾರದು, ಕಂಡವರ ಕೈಗೆ ಸಿಕ್ಕರೆ ಕೇಡು ಎಂದು ನಮ್ಮ ಅತ್ತೆ ಗದಿಗೆಮ್ಮನ ನಂಬಿಕೆ. ಅವರ ಒತ್ತಾಯಕ್ಕೆ ಭಾವ ಕೆಲಸ ಮುಗಿದ ಮೇಲೆ ಆ ದಾರವನ್ನು ಸೀಟಿನ ಕೆಳಗಿನ ಪೈಪಿನೊಳಗೆ ಇಳಿಬಿಟ್ಟು ಮೇಲೆ ಸೀಟು ಕೂಡಿಸಿಬಿಡುತ್ತಿದ್ದರು. ಹೆಣ್ಣುಮಕ್ಕಳು ಬಂದರೆ ಅವರ ಮೈಗೆ ದಾರ ಹಿಡಿಯುವುದು ಅತ್ತೆಯ ಕೆಲಸ. ಭಾವ ಗೋಡೆಯ ಕಡೆ ಮುಖ ಮಾಡಿ ನಿಂತು, ಅತ್ತೆ ಚಿವುಟಿ ಕೊಟ್ಟ ಜಾಗಕ್ಕೆ ಗಂಟು ಹಾಕುವರು.

ಊರಿನ ಆ ತುದಿಯಲ್ಲಿ, ಮಣಿಕೊಂಡದ ಕಡೆ, ಹೈಟೆಕ್ ಸಿಟಿ ಬೆಳೆದು, ಕಂಪ್ಯೂಟರ್ ಕೆಲಸದವರಿಗೆ ಬೆಳಗ್ಗೆ ಎದ್ದು ಸೈಕಲ್ ತುಳಿಯುವ ಹುಚ್ಚು ಹತ್ತಿದ ಕಾಲದಲ್ಲಿ ಸೃಜನ್ ಎಂಬ ಮೈಸೂರಿನ ಹುಡುಗ ನಮ್ಮ ಗಲ್ಲಿಗೆ ಬಂದ. ಉದ್ದಕ್ಕಿದ್ದ, ಸಿಕ್ಕಿದ ಸೈಕಲ್ಲೆಲ್ಲ ಅವನಿಗೆ ಗಿಡ್ಡ. ಭಾವ ಅವನಿಗೊಂದು ಮಾಡಿಕೊಟ್ಟರು. ತಿಂಗಳು ಬಿಟ್ಟು ಮತ್ತೆ ಬಂದ.

"ಅಂಕಲ್, ನನ್ನ ಹತ್ರ ಕಾರಿನ ಬೆಲೆಯ ಸೈಕಲ್ ಇತ್ತು, ಮಾರಿಬಿಟ್ಟೆ. ಇದರಲ್ಲಿ ಕೂತರೆ ಮೈ ನೋಯಲ್ಲ. ಹೇಗೆ ಮಾಡಿದ್ರಿ?"

"ಅದರಾಗೇನೈತ್ರಿ. ಕಾರ್ಖಾನಿ ಸೈಕಲ್ಲಿಗೆ ನೀವು ಬಗ್ಗಬೇಕು. ಇದು ನಿಮಗ ಬಗ್ಗೈತಿ."

ಆ ಮಾತು ಸೃಜನ್‌ನ ತಲೆಗೆ ಹತ್ತಿತು. ಅವನ ದುಡ್ಡು, ನನ್ನ ಗಂಡನ ಓಡಾಟ, ಭಾವನ ಕೈಕೆಲಸ ಸೇರಿ ಮಣಿಕೊಂಡದಲ್ಲಿ ಅಂಗಡಿಯಾಯಿತು. ಬಾಗಿಲ ಮೇಲೂ ಭಾವನ ಹೆಸರು, ಪ್ರತಿ ಫ್ರೇಮಿನ ಮೇಲೂ ಭಾವನ ಹೆಸರು. ಕೊಂಡವರ ದಾರ ಅವರ ಸೈಕಲ್ಲಿನೊಳಗೇ ಇರುತ್ತದೆ ಎನ್ನುವುದೇ ಅಂಗಡಿಯ ಗುರುತಾಯಿತು. ಅತ್ತೆ ಒಮ್ಮೆ ಹೋಗಿ ನೋಡಿ ಬಂದು ಗಲ್ಲಿಯವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಆದರೆ ಭಾವನ ಕೈ ಅವಸರದ ಕೈ ಅಲ್ಲ. ಪೈಪು ಕೊಯ್ದು, ತುದಿಯನ್ನು ಅರದಿಂದ ಉಜ್ಜಿ, ಒಂದಕ್ಕೊಂದು ಕಚ್ಚಿ ಕೂತಾಗಲೇ ಹಿತ್ತಾಳೆ ಕರಗಿಸಿ ಬೆಸೆಯುವವರು. ಒಂದು ಸಲ ಮುಗಿದ ಫ್ರೇಮನ್ನು ನೆಲದ ಮೇಲಿಟ್ಟು ಕಣ್ಣಿನಲ್ಲೇ ಅಳೆದು, ನೂಲಿನಷ್ಟು ಒಂದು ಕಡೆಗೆ ಎಳೆದಿದೆ ಎಂದು ಗರಗಸ ತೆಗೆದುಕೊಂಡು ಕೊಯ್ದೇಬಿಟ್ಟರು. ನನ್ನ ಗಂಡ ತಲೆ ಚಚ್ಚಿಕೊಂಡರು.

"ಅಣ್ಣಾ, ಯಾರ ಕಣ್ಣಿಗೆ ಕಾಣ್ತೈತಿ ಅದು?"

"ತುಳಿಯೋನ ಸೊಂಟಕ್ಕ ಕಾಣ್ತೈತಿ."

"ಗಂಗಾನ ಫೀ ಕಟ್ಟೋ ವಾರ ಇದು. ಅದು ನಿನಗ ಕಾಣೂದಿಲ್ಲೇನು?"

ಗಂಗಾ ಭಾವನ ಮಗಳು. ತಾಯಿ ಸತ್ತಾಗ ಸಣ್ಣವಳು, ನಾನೇ ಸಾಕಿದೆ. ಆಗ ನಾರಾಯಣಗೂಡದ ಕಾಲೇಜಿನಲ್ಲಿ ಓದುತ್ತಿದ್ದಳು. "ನನ್ನ ಫೀ ನಡುವ ತರಬ್ಯಾಡ ಕಾಕಾ, ನಾನೇನ್ ಕೇಳೀನಿ?" ಎಂದು ಒಳಗಿನಿಂದಲೇ ಅಂದಳು. ಫೀಸು ಮಾತ್ರ ಕಾಕಾನೇ ಕಟ್ಟಿದರು.

ನಾನು ಮನೆಯಲ್ಲಿ ಹೂ ಕಟ್ಟಿ ಸ್ಟೇಷನ್ನಿನ ಮುಂದಿನ ಹೂವಾಡಗಿತ್ತಿಗೆ ಕೊಡುತ್ತಿದ್ದೆ. ಅಲ್ಪ ಸ್ವಲ್ಪ ಬರುತ್ತಿತ್ತು, ನನ್ನ ಕೈಖರ್ಚಿಗೆ ಸಾಕು. ಒಂದು ಮಧ್ಯಾಹ್ನ ಮಲ್ಲಿಗೆ ಕಟ್ಟುತ್ತ ಕೂತಿದ್ದಾಗ ನನ್ನ ಗಂಡ ಬಂದು ಪಕ್ಕದಲ್ಲೇ ಕೂತರು. ಅವರು ಹಾಗೆ ಕೂತು ಎಷ್ಟೋ ಕಾಲವಾಗಿತ್ತು. ಕೈಯಲ್ಲಿ ಭಾವನ ದಾರದ ಉಂಡೆ, ಜೊತೆಗೆ ಗಂಟು ಹಾಕಿದ ಹಳೆಯದೊಂದು ದಾರ.

"ಇದನ್ನ ನೋಡಿ ಇಂಥಾವ ಒಂದಿಷ್ಟು ಮಾಡಿಕೊಡು. ಇದರಾಗಿನ ಗಂಟು ಎಲ್ಲೆಲ್ಲಿ ಅದಾವ, ಅಲ್ಲಲ್ಲೇ ಹಾಕು."

"ಎದಕ್ಕ?"

"ಅಂಗಡ್ಯಾಗ ಗಿರಾಕಿಗೆ ತೋರಸಾಕ. ನಮ್ಮ ಪದ್ಧತಿ ಹಿಂಗ ಐತಿ ಅಂತ ಡಬ್ಬ್ಯಾಗ ಹಾಕಿ ಕೊಡೂದು. ಸೃಜನ್ ಹೇಳ್ಯಾನ."

"ಭಾವನವರಿಗೆ ಹೇಳೀರೇನು?"

"ಅವನಿಗೆ ಇಂಥಾ ಸಣ್ಣ ಸಣ್ಣದಕ್ಕೆಲ್ಲ ಯಾಕ ಪರೇಶಾನ್ ಮಾಡೂದು. ನಿನ್ನ ಕೈ ಚುರುಕು ಐತಿ, ಅದಕ್ಕ ನಿನಗ ಹೇಳಿದೆ."

ಕೈ ಚುರುಕು ಎಂದು ಹೊಗಳಿದ್ದಕ್ಕೆ ಉಬ್ಬಿಹೋದೆ ನಾನು. ಹೂ ಬದಿಗಿಟ್ಟು ದಾರ ಹಿಡಿದೆ. ಆ ವಾರವಿಡೀ ಅನ್ನ ಬೇಯುವಾಗ ಒಂದು, ನೀರಿಗೆ ನಿಂತಾಗ ಒಂದು ಎಂದು ಮಾಡಿ ಮಾಡಿ ಕೊಟ್ಟೆ. ಅವರು ನನಗೆ ಒಂದು ಸೀರೆಯನ್ನೂ ತಂದುಕೊಟ್ಟರು.

ಅದಾದ ಮೇಲೆ ಭಾವನಿಗೆ ಕೆಲಸ ಕಡಿಮೆಯಾಗುತ್ತ ಬಂತು. ಭಾನುವಾರ ಜನ ಬಂದು ಅಳತೆ ಕೊಟ್ಟು ಹೋಗುವರು. ಪೈಪು ಕೊಯ್ಯಬೇಕು ಎನ್ನುವಷ್ಟರಲ್ಲಿ ನನ್ನ ಗಂಡ ಬಂದು "ಅವರು ಬ್ಯಾಡ ಅಂದ್ರಣ್ಣ" ಅನ್ನುವರು. ಉಡುಪಿ ಕಡೆಯ ಚಿತ್ರಾ ಎಂಬ ಹುಡುಗಿ ಅಳತೆ ಕೊಟ್ಟಿದ್ದಳು, ಗಿಡ್ಡಕ್ಕೆ ಚುರುಕಾಗಿದ್ದಳು, ಅತ್ತೆಯ ಜೊತೆ ಕೂತು ಪುಂಡಿಪಲ್ಲೆ ರೊಟ್ಟಿ ತಿಂದು ಹೋಗಿದ್ದಳು. ಅವಳದೂ ಬೇಡವಾಯಿತಂತೆ.

"ಆ ಹುಡಿಗಿ ಭಾಳ ಆಸೆ ಮಾಡಿದ್ಲಲ್ಲೋ," ಅಂದರು ಭಾವ.

"ಸಾಫ್ಟ್‌ವೇರ್ ಮಂದಿ ಅಣ್ಣ. ಇವತ್ತು ಒಂದು, ನಾಳಿ ಒಂದು."

ಭಾವ ಅವಳ ದಾರವನ್ನು ಸುತ್ತಿ ದೇವರ ಮಾಡದಲ್ಲಿಟ್ಟರು. ಮೂರು ಹೊತ್ತೂ ಅರ ಉಜ್ಜುವ ಸದ್ದಿದ್ದ ಚಪ್ಪರದಲ್ಲಿ ಸುಮ್ಮನೆ ಕೂತು ಹಳೆಯ ಡಬ್ಬಿಗಳನ್ನು ಒರೆಸತೊಡಗಿದರು. "ನನ್ನ ಕೆಲಸ ಮಂದಿಗೆ ಸಾಕಾತು ಅನಸ್ತೈತಿ," ಎಂದು ಒಂದು ಸಲ ಊಟಕ್ಕೆ ಕೂತಾಗ ಅಂದರು. ನನ್ನ ಗಂಡ ಎದುರಿಗೇ ಕೂತಿದ್ದರು. "ಹಂಗೇನಿಲ್ಲಣ್ಣ, ಶೇಂಗಾ ಹಿಂಡಿ ಹಾಕ್ಕೊ," ಅಂದರು.

ಮುಂದೆ ಒಂದು ಭಾನುವಾರ ಬೆಳಗ್ಗೆ ಚಿತ್ರಾ ಆಟೋದಲ್ಲಿ ಸೈಕಲ್ ಹೇರಿಕೊಂಡು ಬಂದಳು. ನನ್ನ ಗಂಡ ಅಂಗಡಿಗೆ ಹೋಗಿದ್ದರು.

"ಮಲ್ಲಣ್ಣ, ಸೈಕಲ್ ತುಂಬ ಚಂದ ಇದೆ, ಸುಳ್ಳು ಹೇಳ್ತಿಲ್ಲ. ಆದರೆ ನನಗೆ ಕುತ್ತಿಗೆ, ಸೊಂಟ ಎಲ್ಲ ಹಿಡ್ಕೊಂಡುಬಿಟ್ಟಿದೆ. ನಾನು ಕೂರೋದೇ ತಪ್ಪಿರಬೇಕು. ನೋಡಿ ಸ್ವಲ್ಪ ಹೇಳಿಕೊಡ್ತೀರಾ?"

ಭಾವ ತಾವು ಮಾಡದ ಆ ಸೈಕಲ್ಲಿನ ಹತ್ತಿರ ಬಗ್ಗಿದರು. ಫ್ರೇಮಿನ ಮೇಲೆ ಅವರ ಹೆಸರೇ ಇತ್ತು. ಬೆಸುಗೆಯ ಜಾಗಗಳ ಮೇಲೆ ಬೆರಳಾಡಿಸಿದರು, ಸೀಟು ಬಿಚ್ಚಿದರು. ಒಳಗಿಂದ ದಾರ ಬಂತು.

"ಅಯ್ಯೋ, ಇದು ನನ್ನ ದಾರ ಅಲ್ವಾ?" ಚಿತ್ರಾಳಿಗೆ ಸಂತೋಷವಾಯಿತು.

ಅತ್ತೆ ದಾರದ ತುದಿಯನ್ನು ಅವಳ ಪಾದದ ಹತ್ತಿರ ಹಿಡಿದು ಮೇಲೆತ್ತಿದರು. ಸೊಂಟದ ಕೆಳಗೆ ಬರಬೇಕಾದ ಗಂಟು ಹೊಟ್ಟೆಯ ಮೇಲಕ್ಕೆ ಬಂತು. ಭಾವ ಗೋಡೆಯ ಕಡೆ ತಿರುಗುವುದನ್ನೂ ಮರೆತು ನೋಡುತ್ತ ನಿಂತಿದ್ದರು. ಅವಳ ನಿಜವಾದ ದಾರ ದೇವರ ಮಾಡದಲ್ಲೇ ಇತ್ತಲ್ಲ.

"ಇಲ್ಲೇ ಬಿಟ್ಟು ಹೋಗ್ರಿ ಅಕ್ಕಾರ. ನಾನು ನೋಡ್ತೀನಿ," ಅಂದರು.

ಆಟೋ ಗಲ್ಲಿ ದಾಟುವುದೇ ತಡ ಅತ್ತೆ ದಾರವನ್ನು ನನ್ನ ಮುಖದ ಮುಂದೆ ಹಿಡಿದರು. "ಇವು ಮಲ್ಲಣ್ಣನ ಗಂಟಲ್ಲ. ಇದು ಹೂವಿನ ಗಂಟು. ಈ ಮನ್ಯಾಗ ಹೂ ಕಟ್ಟೋರು ಯಾರು?"

ನಿಜ. ಭಾವ ಹಾಕುವುದು ಒಂದೇ ಸುತ್ತಿನ ಗಂಟು. ನನ್ನ ಕೈ ರೂಢಿಯಂತೆ ಎರಡು ಸುತ್ತು ತಂದು, ಹೂವಿನ ತೊಟ್ಟಿಗೆ ಬಿಗಿಯುವ ಹಾಗೆ ಬಿಗಿದಿತ್ತು. ನಾನು ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದೆ. ಉಂಡೆ ತಂದದ್ದು ಯಾರು, ಎದಕ್ಕೆ ಎಂದು ಹೇಳಿದ್ದು ಯಾರು, ಎಲ್ಲ. ಭಾವ ತಲೆ ಬಗ್ಗಿಸಿ ಕೇಳಿದರು.

"ನೀ ಹೇಳೂದು ಖರೇ ಇರಬೇಕು ಬಿಡವಾ," ಅಂದರು.

ಅಷ್ಟು ಸಾಕಾಯಿತು ನನಗೆ. ಒಳಗೆ ಹೋಗಿ ಹಿಟ್ಟು ಕಲಸಿದೆ.

ನನ್ನ ಗಂಡ ಮಧ್ಯಾಹ್ನ ಬಂದು ತಟ್ಟೆಯ ಮುಂದೆ ಕೂತರು. ಚಿತ್ರಾಳ ಸೈಕಲ್ ಚಪ್ಪರದಲ್ಲಿ ಕಂಡೇ ಬಂದಿದ್ದರು, ಮುಖ ಇಳಿದಿತ್ತು. ಭಾವ ದಾರ ಹಿಡಿದುಕೊಂಡು ಬಂದರು.

"ಚನ್ನು, ಎದ್ದು ನಿಂದ್ರು."

ನನ್ನ ಗಂಡ ಎಂಜಲು ಕೈಯಲ್ಲೇ ಎದ್ದು ನಿಂತರು. ಭಾವ ಬಗ್ಗಿ ಅವರ ಪಾದಕ್ಕೆ ದಾರದ ತುದಿ ಹಿಡಿದರು. ಕಾಲಿನ ಗಂಟು ಕಾಲಿಗೆ, ಬೆನ್ನಿನ ಗಂಟು ಬೆನ್ನಿಗೆ, ತೋಳಿನ ಗಂಟು ಮಣಿಕಟ್ಟಿಗೆ ಸರಿಯಾಗಿ ಕೂತವು. ಅಣ್ಣ ಹಿಂದೊಮ್ಮೆ ತಮಗೆ ಮಾಡಿಕೊಟ್ಟ ಸೈಕಲ್ಲಿನ ಸೀಟು ಬಿಚ್ಚಿ, ತಮ್ಮ ಅಳತೆಯ ದಾರವನ್ನೇ ಈ ಮಹಾರಾಯರು ನನಗೆ ಕೊಟ್ಟಿದ್ದರು. ಊರವರ ಸೈಕಲ್ಲಿನೊಳಗೆಲ್ಲ ನನ್ನ ಗಂಡನ ಅಳತೆ. ಈಗ ಸಿಡಿಯುತ್ತಾರೆ ಭಾವ ಎಂದುಕೊಂಡೆ.

ಭಾವ ದಾರ ಸುತ್ತಿ ಜೇಬಿಗೆ ಹಾಕಿಕೊಂಡರು. "ಕೂಡು, ಉಣ್ಣು," ಅಂದರು.

ಸಂಜೆ ಬಟ್ಟೆ ಎತ್ತಲು ಮಾಳಿಗೆಗೆ ಹೋದಾಗ ನಾನೇ ಗಂಡನನ್ನು ಹಿಡಿದೆ.

"ಆ ಫ್ರೇಮ್ ಎಲ್ಲಿಂದ ಬರ್ತಾವ?"

"ಉತ್ತರದಾಗ ಒಂದು ಕಾರ್ಖಾನಿ ಐತಿ. ರೈಲಿನಾಗ ಪಾರ್ಸಲ್ ಬರ್ತಾವ."

"ಎಲ್ಲಿಗೆ?"

"ಇಲ್ಲೇ, ಕಾಚಿಗೂಡಕ್ಕ."

ಮನೆಯ ಹಿಂದಿನ ಸ್ಟೇಷನ್ನಿಗೆ. ನಮ್ಮ ಹಿತ್ತಲಿನಿಂದ ಆ ರೈಲುಗಳು ಕಾಣುತ್ತವೆ.

"ಅಣ್ಣಗ ಇಂಥಾ ದ್ರೋಹ ಮಾಡಾಕ ಮನಸ್ಸರೆ ಹೆಂಗ ಬಂತ್ರಿ?"

"ಅವನು ಒಂದು ಮಾಡೂದ್ರಾಗ ಹತ್ತು ಮಂದಿ ಬಂದು ಕೇಳ್ತಾರ. ಅವನಿಗೆ ಜಲ್ದಿ ಅನ್ನೂದ ಗೊತ್ತಿಲ್ಲ. ಗಂಗಾನ ಫೀ ಯಾರು ಕಟ್ಟಿದ್ರು? ಅವ್ವನ ಕಣ್ಣಿನ ಆಪರೇಷನ್ ಯಾರು ಮಾಡಿಸಿದ್ರು? ಅದೆಲ್ಲ ಬಿಡು. ನೀನು ಯಾಕ ಹೂವಿನ ಗಂಟು ಹಾಕಿದಿ? ಸಾದಾ ಒಂದು ಗಂಟು ಹಾಕಾಕ ಬರ್ತಿದ್ದಿಲ್ಲೇನು ನಿನಗ?"

ಇಷ್ಟೆಲ್ಲ ಆದ ಮೇಲೂ ಅವರಿಗೆ ಕಂಡ ತಪ್ಪು ಅದೊಂದೇ. ನನಗೆ ಅಳು ಬರಲಿಲ್ಲ. ಬಟ್ಟೆ ಮಡಚಿಕೊಂಡು ಕೆಳಗಿಳಿದೆ, ಅವರದನ್ನು ತಂತಿಯ ಮೇಲೇ ಬಿಟ್ಟೆ.

ಆ ವಾರ ಸೃಜನ್ ಮೇಲಿಂದ ಮೇಲೆ ಫೋನ್ ಮಾಡಿದ. ಇನ್ನೂ ಕೆಲವರಿಗೆ ಮೈನೋವು ಬಂದಿತ್ತು, ಎಲ್ಲರೂ ಬರುವ ಭಾನುವಾರ ಮನೆಗೇ ಬರುತ್ತಾರಂತೆ. ಪಾಪದ ಹುಡುಗ, ಅವನಿಗೂ ಏನೂ ಗೊತ್ತಿರಲಿಲ್ಲ. ಭಾವ ನಾಲ್ಕು ತುತ್ತು ಉಂಡು ಎದ್ದುಬಿಡುವರು. ಅತ್ತೆಯೂ ಅವರೂ ಚಪ್ಪರದಲ್ಲಿ ಕೂತು ಏನೋ ಮಾತಾಡುವರು, ನಾನು ಹೋದರೆ ನಿಲ್ಲಿಸುವರು. ಶುಕ್ರವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ಭಾವ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ಕೂತರು.

"ಸುಭದ್ರಾ, ಒಂದು ಮಾತು ನಡಸಿಕೊಡಬೇಕು ನೀನು."

"ಹೇಳ್ರಿ ಭಾವ."

"ಕಾರ್ಖಾನಿ ಮಾಲು ಅಂತ ಗೊತ್ತಾದ್ರ ಪೊಲೀಸ್ ಕೇಸ್ ಆಗ್ತೈತಿ. ಚನ್ನು ಒಳಗ ಹೋಗ್ತಾನ. ಫ್ರೇಮ್ ಎಲ್ಲಾ ನಾನ ಮಾಡೀನಿ ಅಂತೀನಿ. ದಾರ ಅದಲುಬದಲ ಆದದ್ದಕ್ಕ ಅಳತಿ ತಪ್ಪೈತಿ, ಹೊಸಾವ ಮಾಡಿಕೊಡ್ತೀನಿ ಅಂತೀನಿ."

"ದಾರ ಯಾರ ಕೈಯಾಗ ಅದಲುಬದಲ ಆದ್ವು ಅಂತ ಕೇಳಿದ್ರ?"

ಭಾವ ನೆಲ ನೋಡಿದರು. ಒಳಗಿನಿಂದ ಅತ್ತೆ ಹೇಳಿದರು: "ನಿನ್ನ ಕೈಯಾಗ ಅಂತ. ಹೆಣ್ಮಗಳು ತಿಳೀಲಾರದ ಮಾಡ್ಯಾಳ ಅಂದ್ರ ಯಾರೂ ಕೇಸ್ ಹಾಕೂದಿಲ್ಲ. ನಿನ್ನ ಗಂಡ ಉಳೀತಾನಲ್ಲ, ನಿನಗೇನು?"

ತವೆಯ ಮೇಲಿನ ರೊಟ್ಟಿ ಸೀಯುತ್ತಿತ್ತು, ನಾನು ತಿರುವಲಿಲ್ಲ.

"ಭಾವ, ನೂಲಿನಷ್ಟು ತಪ್ಪಿದ್ರ ಫ್ರೇಮ್ ಕೊಯ್ದು ಹಾಕವರು ನೀವು."

"ಫ್ರೇಮ್ ಕೊಯ್ದ್ರ ಮತ್ತೊಂದು ಮಾಡ್ಬಹುದವಾ. ತಮ್ಮನ್ನ ಹೆಂಗ ಕೊಯ್ಯಲಿ?"

"ಹಂಗಾರ ನನ್ನ ಕೊಯ್ಯಬಹುದೇನ್ರಿ?"

ಭಾವ ಎದ್ದು ಹೋದರು. ಹೋದರೂ ನನಗೆ ಧೈರ್ಯವಿತ್ತು. ನಾಲ್ಕು ಜನರ ಮುಂದೆ ನಿಂತಾಗ ಆ ಮನುಷ್ಯನ ಬಾಯಿಂದ ಸುಳ್ಳು ಹೊರಡುವುದಿಲ್ಲ ಎಂದು ನಂಬಿದ್ದೆ.

ಭಾನುವಾರ ಸೃಜನ್, ಚಿತ್ರಾ, ಅವರ ಜೊತೆ ಇನ್ನಷ್ಟು ಜನ ಬಂದು ಚಪ್ಪರದಲ್ಲಿ ನಿಂತರು. ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಣ್ಣನ ಪಕ್ಕ ನಿಂತಿದ್ದರು. ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬರುವಾಗ ಭಾವ ಮಾತಾಡುತ್ತಿದ್ದರು.

"ಎಲ್ಲಾ ನನ್ನ ಕೈಲಿ ಆದ ತಪ್ಪುರಿ. ದಾರ ಕಾಯೋ ಕೆಲಸ ಮನ್ಯಾಗಿನ ಹೆಣ್ಮಗಳಿಗೆ ಒಪ್ಪಿಸಿದ್ದೆ. ಆಕಿ ತಿಳೀಲಾರದ ಒಬ್ಬರದು ಒಬ್ಬರಿಗೆ ಮಾಡ್ಯಾಳ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಟ್ಟೆ ಕೆಳಗಿಟ್ಟೆ.

"ಅದು ಸುಳ್ಳುರಿ. ಈ ಫ್ರೇಮ್ ಈ ಮನ್ಯಾಗ ಮಾಡಿದಾವ ಅಲ್ಲ. ಕಾರ್ಖಾನಿಯಿಂದ ರೈಲಿನಾಗ ಬಂದಾವು. ತಂದೋರು ನನ್ನ ಗಂಡ. ಸ್ಯಾಂಪಲ್ ಅಂತ ಹೇಳಿ ನನ್ನ ಕಡೆ ದಾರ ಮಾಡಿಸಿದೋರೂ ಅವರ."

ಸೃಜನ್ ನನ್ನ ಗಂಡನ ಕಡೆ ತಿರುಗಿದ. "ಚನ್ನು, ಏನಿದು?"

ನನ್ನ ಗಂಡ ನಕ್ಕರು. ಸಣ್ಣ ದನಿಯಲ್ಲಿ, ಮರ್ಯಾದೆಯ ಮಾತಿನ ಹಾಗೆ ಹೇಳಿದರು: "ಮನಸಿಗೆ ಹಚ್ಕೋಬ್ಯಾಡ್ರಿ ಸರ್. ಮಕ್ಕಳಿಲ್ಲ ನೋಡ್ರಿ ಆಕಿಗೆ. ಆಗಾಗ ಹಿಂಗ ಏನಾರ ಅಂತಿರ್ತಾಳ."

ನಾನು ಬಾಗಿಲಲ್ಲಿ ನಿಂತಿದ್ದ ಗಂಗಾಳನ್ನು ನೋಡಿದೆ. ಅವಳಿಗೆ ಎಲ್ಲ ಗೊತ್ತಿತ್ತು. ಅವಳು ಕೆಳಗೆ ನೋಡಿದಳು.

ಚಿತ್ರಾ ಮಾತ್ರ ಬಿಡಲಿಲ್ಲ. "ಮಲ್ಲಣ್ಣ, ನೀವು ಹೇಳಿ. ನಿಮ್ಮ ಮಾತು ನಾನು ನಂಬ್ತೇನೆ. ಈ ಫ್ರೇಮ್ ನೀವೇ ಮಾಡಿದ್ದಾ?"

ಭಾವ ಆ ಫ್ರೇಮಿನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

"ನಂದರಿ," ಅಂದರು.

ಅಷ್ಟೇ. ಸೃಜನ್ ನಿಟ್ಟುಸಿರು ಬಿಟ್ಟ. ಹೊಸ ಫ್ರೇಮು ಎಂದಿಗೆ ಸಿಗುತ್ತದೆ ಎಂದು ಯಾರೋ ಕೇಳಿದರು. ಅತ್ತೆ ಚಹಾ ಹಂಚಿದರು. ಚಿತ್ರಾ ನನ್ನ ಹತ್ತಿರ ಬಂದು ಭುಜ ಮುಟ್ಟಿ, "ಬೇಜಾರು ಮಾಡ್ಕೊಬೇಡಿ ಅಕ್ಕ, ಯಾರ ಕೈಯಿಂದಲಾದರೂ ತಪ್ಪು ಆಗ್ತದೆ," ಅಂದಳು. ಒಳ್ಳೆಯ ಹುಡುಗಿ. ಅವಳು ನನ್ನನ್ನು ಕ್ಷಮಿಸಿದ್ದು ನನಗೆ ಮೈಮೇಲೆ ಬೆಂಕಿ ಬಿದ್ದಂತಾಯಿತು.

ಅವರೆಲ್ಲ ಹೋದ ಮೇಲೆ ಗಂಗಾ ಅಡುಗೆಮನೆಗೆ ಬಂದು ಉಳ್ಳಾಗಡ್ಡಿ ಹೆಚ್ಚತೊಡಗಿದಳು.

"ಚಿಗವ್ವ, ಕಾಕಾ ಒಳಗ ಹೋದ್ರ ನನ್ನ ಓದು ನಿಲ್ತಿತ್ತು. ನಾ ಏನ್ ಮಾಡ್ಲಿ ಹೇಳು?"

"ನೀ ಓದವಾ," ಅಂದೆ.

ಮಾರನೆಯ ದಿನ ಭಾವ ಕೆಲಸ ಶುರು ಮಾಡಿದರು. ದೇವರ ಮಾಡದಲ್ಲಿದ್ದ ಚಿತ್ರಾಳ ದಾರ ತೆಗೆದುಕೊಂಡು ಮೊದಲು ಅವಳದಕ್ಕೇ ಪೈಪು ಕೊಯ್ದರು. ಬಹಳ ದಿನದ ಮೇಲೆ ಮನೆಯಲ್ಲಿ ಅರದ ಸದ್ದು ಕೇಳಿಸಿತು. ಅತ್ತೆ ಖುಷಿಯಾಗಿದ್ದರು. ನನ್ನ ಗಂಡ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರತೊಡಗಿದರು, ಅಣ್ಣ ತಮ್ಮ ಎದುರೆದುರು ಕೂತು ಉಂಡರು. ನಾನು ಬಡಿಸಿದೆ. ಏನೂ ಆಗಿಲ್ಲವೆಂಬಂತೆ ಎಲ್ಲರೂ ಇನ್ನೊಂದು ರೊಟ್ಟಿ ಕೇಳಿದರು.

ಒಂದು ಸಂಜೆ ಚಪ್ಪರದಿಂದ ಭಾವ ಕೂಗಿದರು. "ಸುಭದ್ರಾ, ಒಂದೀಟು ಚಹಾ ತಾರವಾ."

ಮೊದಲಿನ ದನಿಯೇ. ನಾನು ಚಹಾ ಸೋಸಿಕೊಂಡು ಹೊರಗೆ ಹೋದೆ. ಅತ್ತೆ ಅಲ್ಲೇ ಕೂತು ಬೇಳೆ ಆರಿಸುತ್ತಿದ್ದರು, ಗಂಗಾ ಪುಸ್ತಕ ಹಿಡಿದಿದ್ದಳು, ನನ್ನ ಗಂಡ ಚಪ್ಪಲಿ ಬಿಡುತ್ತಿದ್ದರು. ನಮ್ಮಲ್ಲಿ ಗಂಡನ ಅಣ್ಣನ ಹೆಸರನ್ನು ಹೆಂಗಸರು ಬಾಯಲ್ಲಿ ತರುವುದಿಲ್ಲ. ಮದುವೆಯಾಗಿ ಬಂದಂದಿನಿಂದ ನಾನು ತಂದವಳಲ್ಲ. ರೇಷನ್ ಕಾರ್ಡಿನವನು ಮನೆಯ ಯಜಮಾನನ ಹೆಸರು ಕೇಳಿದರೂ ಗಂಗಾಳನ್ನು ಕರೆದು ಹೇಳಿಸಿದವಳು.

ಕಪ್ಪನ್ನು ಅವರ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ.

"ಚಹಾ ತಗೋರಿ, ಮಲ್ಲಣ್ಣ."

ಅರ ನಿಂತಿತು. ಅತ್ತೆಯ ಮೊರದಿಂದ ಬೇಳೆ ಚೆಲ್ಲಿತು.

"ಏನಂದಿ ನೀನು?" ಅಂದರು ಅತ್ತೆ.

"ಹೊರಗಿನವರು ಹಿಂಗ ಕರೀತಾರಲ್ರಿ," ಅಂದೆ ನಾನು. "ನಾನೂ ಹಂಗ ಕರದೆ."